ಟೈಲ್ಸ್ ಹಾಕಿಸಿದರೆ ವಾಟರ್‌ಪ್ರೂಫಿಂಗ್ ಬೇಡವೇ? ಒಂದು ಸ್ಪಷ್ಟನೆ

ಸ್ನಾನದ ಮನೆಯ ನೆಲಕ್ಕೆ ಒಳ್ಳೆಯ ಟೈಲ್ಸ್ ಹಾಕಿಸಿ, ಸಂದುಗಳಿಗೆ ಗ್ರೌಟ್ ತುಂಬಿಸಿದರೆ ಸಾಕು, ಪ್ರತ್ಯೇಕ ವಾಟರ್‌ಪ್ರೂಫಿಂಗ್ ಅನಗತ್ಯ ಖರ್ಚು ಎಂಬ ಮಾತು ಮನೆ ಕಟ್ಟಿಸುವವರ ನಡುವೆ ಹರಿದಾಡುತ್ತಿದೆ. ಇದು ಸರಿಯಲ್ಲ.

ಟೈಲ್ಸ್ ನೀರನ್ನು ಹೀರದಿದ್ದರೂ ಸಿಮೆಂಟ್ ಗ್ರೌಟ್ ಹೀರುತ್ತದೆ. ಚೆನ್ನಾಗಿ ಒಣಗಿದ ಸಂದಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದರೆ, ಸ್ವಲ್ಪ ಹೊತ್ತಿನಲ್ಲೇ ಹನಿ ಇಂಗಿ ಆ ಜಾಗದ ಬಣ್ಣ ಗಾಢವಾಗುವುದು ಕಣ್ಣಿಗೇ ಕಾಣುತ್ತದೆ. ಹೀಗೆ ದಿನವೂ ಇಳಿಯುವ ನೀರು ಅಡಿಯ ಗಾರೆಯಲ್ಲಿ ಸೇರಿಕೊಂಡು, ಕೆಲವು ಕಾಲದ ನಂತರ ಕೆಳಗಿನ ಕೋಣೆಯ ಛಾವಣಿಯಲ್ಲಿ ತೇವವಾಗಿ, ಪಕ್ಕದ ಗೋಡೆಯ ಬುಡದಲ್ಲಿ ಉಬ್ಬಿದ ಬಣ್ಣವಾಗಿ ಹೊರಬೀಳುತ್ತದೆ. ಸಿಮೆಂಟಿನ ಬದಲು ಎಪಾಕ್ಸಿ ಎಂಬ ರಾಳದಿಂದ ಮಾಡಿದ ಗ್ರೌಟ್ ನೀರನ್ನು ಬಹಳ ಕಡಿಮೆ ಹೀರುತ್ತದೆ ನಿಜ. ಆದರೆ ನೆಲ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅದರ ಪ್ರಯೋಜನ ಅಲ್ಲಿಗೆ ಮುಗಿಯುತ್ತದೆ.

ನೀರನ್ನು ತಡೆಯಬೇಕಾದದ್ದು ಟೈಲ್ಸ್‌ನ ಅಡಿಯಲ್ಲಿ ನೆಲವಿಡೀ ಹರಡಿ, ಗೋಡೆಯ ಮೇಲೂ ಏರಿ, ನೀರು ಹೊರಹೋಗುವ ಪೈಪಿನ ಬಾಯಿಯನ್ನು ಬಿಗಿಯಾಗಿ ಸುತ್ತಿಕೊಳ್ಳುವ ವಾಟರ್‌ಪ್ರೂಫಿಂಗ್ ಪದರ. ಅದು ಪೂರ್ತಿ ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ, ಕನಿಷ್ಠ 24 ಗಂಟೆ ನೀರು ನಿಲ್ಲಿಸಿ, ಕೆಳಗಿನಿಂದ ಪರೀಕ್ಷಿಸದೆ ಟೈಲ್ಸ್ ಕೆಲಸ ಆರಂಭಿಸಲು ದಯವಿಟ್ಟು ಒಪ್ಪಬೇಡಿ.

ಹಾಗೆಂದು ಎಲ್ಲ ತೇವಕ್ಕೂ ನೆಲವೇ ಕಾರಣವಲ್ಲ. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿದ ಮೇಲೂ, ಟ್ಯಾಂಕ್ ತುಂಬುತ್ತಿಲ್ಲದಿರುವಾಗಲೂ ನೀರಿನ ಮೀಟರ್ ಓಡುತ್ತಿದ್ದರೆ, ನೆಲ ಒಡೆಯುವ ಮೊದಲು ಪೈಪನ್ನೂ ಫ್ಲಶ್ ಟ್ಯಾಂಕನ್ನೂ ಪರೀಕ್ಷಿಸಬೇಕು.