ಚಿಕ್ಕಪ್ಪನ ಸಿಟ್ಟೂ ಜಠರದ ಕ್ಯಾನ್ಸರೂ

ಜಠರದ ಮುಕ್ಕಾಲು ಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ಕಳೆದುಕೊಂಡು, ಮನೆಗೆ ಬಂದು ಮೂರು ವಾರವೂ ತುಂಬದ ನನ್ನ ಚಿಕ್ಕಪ್ಪನ ಹಾಸಿಗೆಯ ಪಕ್ಕದಲ್ಲಿ ಕುಳಿತು, ನೋಡಲು ಬಂದಿದ್ದ ನೆಂಟರೊಬ್ಬರು ನಿನ್ನೆ ಸಂಜೆ ಮುಕ್ಕಾಲು ಗಂಟೆ ಉಪದೇಶ ಮಾಡಿದರು. “ನಿನಗೆ ಮೊದಲಿನಿಂದಲೂ ಸಿಟ್ಟು ಜಾಸ್ತಿ. ಹೊತ್ತು ಹೊತ್ತಿಗೆ ಉಂಡವನಲ್ಲ. ಎಲ್ಲವನ್ನೂ ಒಳಗೇ ಇಟ್ಟುಕೊಂಡು ಕೊರಗಿದೆ. ಅದೇ ಹುಣ್ಣಾಯಿತು, ಹುಣ್ಣು ಕ್ಯಾನ್ಸರಾಯಿತು.” ಸಿಟ್ಟನ್ನು ಹೊರಗೆ ಹಾಕುವವನು ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವುದು ಹೇಗೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಚಿಕ್ಕಪ್ಪ ಮಾತ್ರ ತಪ್ಪು ಒಪ್ಪಿಕೊಳ್ಳುವವರಂತೆ ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವಿಕೆಯನ್ನು ನೋಡಲಾಗದೆ ನಾನು ಎದ್ದು ಹೊರಗೆ ಬಂದೆ. ಈ ಬರಹದ ಸಿಟ್ಟು ಅಲ್ಲಿಂದ ಬಂದದ್ದು. ನನಗೂ ಅದು ಜಾಸ್ತಿಯೇ ಎಂಬುದು ನಿಮಗೆಲ್ಲ ಗೊತ್ತಿರುವ ವಿಷಯ.

ಚಿಕ್ಕಪ್ಪನ ಬಯಾಪ್ಸಿ ವರದಿಯಲ್ಲಿ ಸಿಟ್ಟಿನ ಉಲ್ಲೇಖವಿಲ್ಲ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಉಲ್ಲೇಖವಿದೆ. ಈ ಸೋಂಕು ಸಾಮಾನ್ಯವಾಗಿ ಅಂಟಿಕೊಳ್ಳುವುದು ಬಾಲ್ಯದಲ್ಲಿ, ಅದೂ ಹೆಚ್ಚಾಗಿ ಮನೆಯವರಿಂದಲೇ. ಅಂದರೆ ನೆಂಟರು ಹುಡುಕುತ್ತಿದ್ದ ಅಪರಾಧ ನಡೆದಾಗ ಅಪರಾಧಿಗೆ ಬಹುಶಃ ನಾಲ್ಕೋ ಐದೋ ವರ್ಷ. ಆಗ ಒಳಗೆ ಸೇರಿದ ಜೀವಿ, ಚಿಕಿತ್ಸೆ ಮಾಡದಿದ್ದರೆ, ತಾನಾಗಿಯೇ ಹೊರಡುವುದು ಅಪರೂಪ. ಜಠರದ ಆಮ್ಲದಲ್ಲಿ ಅದು ಹೇಗೆ ಬದುಕುತ್ತದೆ ಎಂಬುದು ನನಗೆ ಇಂದಿಗೂ ಬೆರಗು: ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು, ತನ್ನ ಸುತ್ತಲಿನ ಆಮ್ಲವನ್ನು ಶಮನಗೊಳಿಸುತ್ತಾ, ಸುರುಳಿಯಾಕಾರದ ಮೈಯಿಂದ ಲೋಳೆಪದರವನ್ನು ಕೊರೆದು ಗೋಡೆಯ ಬಳಿ ನೆಲೆಸುತ್ತದೆ.

ಅಲ್ಲಿಂದ ಕ್ಯಾನ್ಸರಿನವರೆಗಿನ ದಾರಿ ಒಂದು ದಿನದ್ದಲ್ಲ, ದಶಕಗಳದ್ದು. ಮೊದಲು ಆರದ ಉರಿಯೂತ, ಆಮೇಲೆ ಆಮ್ಲ ಸ್ರವಿಸುವ ಗ್ರಂಥಿಗಳು ಸೊರಗುವುದು, ಆಮೇಲೆ ಜಠರದ ಒಳಪದರ ತನ್ನ ಸ್ವರೂಪ ಬಿಟ್ಟು ಕರುಳಿನ ಒಳಪದರದಂತೆ ಬದಲಾಗುವುದು, ಆಮೇಲೆ ಜೀವಕೋಶಗಳು ಅಂಕೆ ತಪ್ಪುವುದು, ಕೊನೆಗೆ ಕ್ಯಾನ್ಸರ್. ಈ ಮೆಟ್ಟಿಲುಗಳನ್ನು ಪೆಲಾಯೋ ಕೊರೆಯಾ ಎಂಬ ರೋಗಶಾಸ್ತ್ರಜ್ಞರು 1975ರಲ್ಲೇ, ಬ್ಯಾಕ್ಟೀರಿಯಾದ ಪಾತ್ರ ಗೊತ್ತಾಗುವ ಮೊದಲೇ, ವಿವರಿಸಿದ್ದರು. ಈ ಜೀವಿಯ ಕೆಲವು ತಳಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ: ಸೂಜಿಯಂಥ ರಚನೆಯೊಂದರಿಂದ ಕ್ಯಾಗ್‌ಎ ಎಂಬ ಪ್ರೋಟೀನನ್ನು ನಮ್ಮ ಜೀವಕೋಶದೊಳಕ್ಕೇ ಚುಚ್ಚಿ, ಅದರ ಬೆಳವಣಿಗೆಯ ಸಂಕೇತಗಳನ್ನು ಕೆಡಿಸುತ್ತವೆ. ಇನ್ನೊಂದು ವಿಚಿತ್ರವೆಂದರೆ, ಗ್ರಂಥಿಗಳು ಸೊರಗಿ ಆಮ್ಲ ಇಲ್ಲವಾದ ಜಠರದಲ್ಲಿ ಕೆಲವೊಮ್ಮೆ ಈ ಬ್ಯಾಕ್ಟೀರಿಯಾವೂ ಉಳಿಯುವುದಿಲ್ಲ. ಮನೆ ಕೆಡವಿದವನು ಪೊಲೀಸರು ಬರುವ ಮೊದಲೇ ಪರಾರಿ. ಉಳಿದವರ ಕೈಗೆ ಸಿಗುವುದು ರೋಗಿ, ಮತ್ತು ಅವನ ಸಿಟ್ಟು.

ಹುಣ್ಣಿಗೆ ಮಾನಸಿಕ ಒತ್ತಡವೇ ಕಾರಣವೆಂದು ವೈದ್ಯರೇ ನಂಬಿದ್ದ ಕಾಲವಿತ್ತು, ಆದ್ದರಿಂದ ನೆಂಟರನ್ನು ಪೂರ್ತಿಯಾಗಿ ದೂರುವಂತಿಲ್ಲ. ಆದರೆ ಆ ಕಾಲ ಕಳೆದು ನಲವತ್ತು ವರ್ಷಗಳಾದವು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಎಂಬ ರೋಗಶಾಸ್ತ್ರಜ್ಞರು 1979ರಲ್ಲಿ ಜಠರದ ಬಯಾಪ್ಸಿಗಳಲ್ಲಿ ಬಾಗಿದ ಬ್ಯಾಕ್ಟೀರಿಯಾಗಳನ್ನು ಕಂಡರು. ಆಮೇಲೆ ಬ್ಯಾರಿ ಮಾರ್ಷಲ್ ಎಂಬ ವೈದ್ಯರು ವಾರೆನ್ ಜೊತೆಗೂಡಿದರು. ಬ್ಯಾಕ್ಟೀರಿಯಾ ಬೆಳೆಸಲು ಇಟ್ಟು, ಏನೂ ಕಾಣದೆ ಎರಡು ದಿನಕ್ಕೆ ಎಸೆಯುತ್ತಿದ್ದ ಪ್ರಯೋಗಾಲಯದ ತಟ್ಟೆಗಳು 1982ರ ಈಸ್ಟರ್ ರಜೆಯಲ್ಲಿ ಐದು ದಿನ ಹಾಗೆಯೇ ಉಳಿದದ್ದರಿಂದ ಆ ಬ್ಯಾಕ್ಟೀರಿಯಾಗಳು ಮೊದಲ ಬಾರಿಗೆ ಬೆಳೆದು ಕಂಡವು. ಯಾರೂ ನಂಬದಿದ್ದಾಗ, 1984ರಲ್ಲಿ, ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. ಇದರಿಂದ ಸಾಬೀತಾದದ್ದು ಉರಿಯೂತವೇ ಹೊರತು ಕ್ಯಾನ್ಸರ್ ಅಲ್ಲ ಎಂಬುದನ್ನೂ ಹೇಳಬೇಕು. ಕ್ಯಾನ್ಸರಿನ ಸಾಕ್ಷ್ಯ ಬೇರೆ ಅಧ್ಯಯನಗಳಿಂದ ಒಟ್ಟುಗೂಡಿತು, ಮತ್ತು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು ಈ ಸೋಂಕನ್ನು, ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೆ, ಅಂದರೆ ತಂಬಾಕು ಇರುವ ಮೊದಲ ಗುಂಪಿಗೇ ಸೇರಿಸಿತು. ವಾರೆನ್, ಮಾರ್ಷಲ್ ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ನಮ್ಮ ನೆಂಟರಿಗೆ ಸುದ್ದಿ ಇನ್ನೂ ಬಂದಿಲ್ಲ.

ರಾತ್ರಿ ಇದನ್ನೆಲ್ಲ ಫೋನಿನಲ್ಲಿ ಗೆಳೆಯನೊಬ್ಬನಿಗೆ ಹೇಳಿದಾಗ ಅವನು ಎರಡು ಆಕ್ಷೇಪ ಎತ್ತಿದ. ಒಂದು, ಜಠರದ ಕ್ಯಾನ್ಸರಿಗೆ ಪರಾವಲಂಬಿ ಹುಳು ಕಾರಣವೆಂದು ಹೇಳಿದ ಯೋಹಾನೆಸ್ ಫಿಬಿಗರ್ ಎಂಬವರಿಗೂ 1926ರ ನೊಬೆಲ್ ಕೊಟ್ಟಿದ್ದರು, ಆಮೇಲೆ ಅದು ತಪ್ಪೆಂದು ತಿಳಿಯಿತು. ನಿಜ. ಆದರೆ ಫಿಬಿಗರ್ ನೋಡಿದ್ದು ಇಲಿಗಳನ್ನು. ಜಪಾನಿನಲ್ಲಿ 1,526 ಮನುಷ್ಯರನ್ನೇ ಸರಾಸರಿ 7.8 ವರ್ಷ ಎಂಡೋಸ್ಕೋಪಿಯ ಮೂಲಕ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಂಕಿದ್ದ 1,246 ಮಂದಿಯಲ್ಲಿ 36 ಜನರಿಗೆ ಜಠರದ ಕ್ಯಾನ್ಸರ್ ಬಂದಿತ್ತು. ಸೋಂಕಿಲ್ಲದ 280 ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಎರಡನೆಯ ಆಕ್ಷೇಪ, ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಹೊಟ್ಟೆಯಲ್ಲಿರುವ ಜೀವಿಯನ್ನು ಕೊಲೆಗಾರನೆಂದು ಕರೆಯುವುದು ಹೇಗೆ, ಬಹುತೇಕರಿಗೆ ಏನೂ ಆಗುವುದಿಲ್ಲವಲ್ಲ ಎಂಬುದು. ಸೇದುವ ಬಹುತೇಕರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುವುದಿಲ್ಲ. ಹಾಗೆಂದು ಬೀಡಿಯನ್ನು ನಿರಪರಾಧಿ ಎನ್ನುತ್ತೇವೆಯೆ? ಉಪ್ಪು, ಧೂಮಪಾನ, ಮನೆತನದ ಇತಿಹಾಸ ಇವೆಲ್ಲ ಜೊತೆಗೂಡುತ್ತವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜಠರದ ಮೇಲ್ತುದಿಯನ್ನು ಬಿಟ್ಟು ಉಳಿದ ಭಾಗದಲ್ಲಿ ಹುಟ್ಟುವ ಕ್ಯಾನ್ಸರುಗಳಲ್ಲಿ ಬಹುಪಾಲಿಗೆ ಈ ಸೋಂಕೇ ಮೂಲವೆಂದು ತಜ್ಞರು ಲೆಕ್ಕ ಹಾಕಿರುವಾಗ, ಸಿಟ್ಟಿನ ಪಾಲು ಎಷ್ಟು ಎಂದು ನೆಂಟರೇ ಹೇಳಬೇಕು.

ಅಂದಹಾಗೆ ‘ಹುಣ್ಣೇ ಕ್ಯಾನ್ಸರಾಯಿತು’ ಎಂಬುದೂ ಅಷ್ಟು ಸರಳವಲ್ಲ. ಇದೇ ಬ್ಯಾಕ್ಟೀರಿಯಾದಿಂದ ಸಣ್ಣಕರುಳಿನ ಆರಂಭದ ಭಾಗದಲ್ಲಿ ಹುಣ್ಣಾದವರಿಗೆ ಜಠರದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಕಡಿಮೆ.

ಈಗ ನನ್ನದೇ ತಪ್ಪೊಪ್ಪಿಗೆ. ಚಿಕ್ಕಪ್ಪ ವರ್ಷಗಟ್ಟಲೆ ‘ಗ್ಯಾಸ್ಟ್ರಿಕ್’ ಎಂದಾಗಲೆಲ್ಲ ಆಮ್ಲ ತಗ್ಗಿಸುವ ಮಾತ್ರೆಯನ್ನು ತಂದುಕೊಡುತ್ತಿದ್ದವನು ನಾನೇ. ನಾನೂ ಅದನ್ನೇ ನುಂಗುತ್ತಿದ್ದೆ. ಎರಡು ವರ್ಷಗಳ ಹಿಂದೆ ನಾನು ಈ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿಕೊಂಡು, ‘ಇಲ್ಲ’ ಎಂಬ ವರದಿಯನ್ನು ಹಿಡಿದು ಬೀಗಿದ್ದೆ. ಆ ಮಾತ್ರೆಯನ್ನು ಕನಿಷ್ಠ ಎರಡು ವಾರ ನಿಲ್ಲಿಸದೆ ಪರೀಕ್ಷೆ ಮಾಡಿಸಿದರೆ, ಸೋಂಕಿದ್ದರೂ ಇಲ್ಲವೆಂದು ತೋರಿಸಬಹುದು ಎಂಬುದು ನನಗೆ ತಿಳಿದದ್ದು ಚಿಕ್ಕಪ್ಪನ ರೋಗ ಪತ್ತೆಯಾದ ಮೇಲೆ. ನಾನು ಅದನ್ನು ಪರೀಕ್ಷೆಯ ದಿನ ಬೆಳಿಗ್ಗೆಯೂ ನುಂಗಿ ಹೋಗಿದ್ದೆ. ನಿಲ್ಲಿಸಬೇಕೆಂದು ಯಾರೂ ಹೇಳಲಿಲ್ಲ. ಕೇಳುವ ಬುದ್ಧಿ ನನಗೂ ಬರಲಿಲ್ಲ.

ನೆಂಟರ ಉಪದೇಶದಲ್ಲಿ ನನ್ನನ್ನು ನಿಜವಾಗಿ ಕೆರಳಿಸಿದ್ದು ಅದರ ಒರಟುತನವಲ್ಲ. ರೋಗವನ್ನು ಸ್ವಭಾವಕ್ಕೆ ಕಟ್ಟಿದ ಕೂಡಲೇ ಅದು ಚಿಕ್ಕಪ್ಪನೊಬ್ಬರ ವಿಷಯವಾಗಿಬಿಡುತ್ತದೆ, ಮನೆಯ ಉಳಿದವರು ನಿರಾಳರಾಗಿ ಎದ್ದು ಹೋಗುತ್ತಾರೆ. ಸೋಂಕು ಎಂದರೆ ಹಾಗೆ ಎದ್ದು ಹೋಗುವಂತಿಲ್ಲ, ಏಕೆಂದರೆ ಒಂದೇ ಮನೆಯಲ್ಲಿ ಬೆಳೆದವರ ಹೊಟ್ಟೆಯಲ್ಲೂ ಅದೇ ಇರಬಹುದು. ದಕ್ಷಿಣ ಕೊರಿಯಾದಲ್ಲಿ ಜಠರದ ಕ್ಯಾನ್ಸರ್ ರೋಗಿಗಳ ತಂದೆತಾಯಿ, ಒಡಹುಟ್ಟಿದವರು, ಮಕ್ಕಳ ಪೈಕಿ ಸೋಂಕಿದ್ದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆ್ಯಂಟಿಬಯೋಟಿಕ್ ಚಿಕಿತ್ಸೆ, ಇನ್ನೊಂದಕ್ಕೆ ತೋರಿಕೆಯ ಮಾತ್ರೆ ಕೊಟ್ಟು, ಸುಮಾರು ಒಂಬತ್ತು ವರ್ಷ ಕಾದು ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಚಿಕಿತ್ಸೆ ಪಡೆದ 832 ಮಂದಿಯಲ್ಲಿ 10 ಜನರಿಗೆ, ಪಡೆಯದ 844 ಮಂದಿಯಲ್ಲಿ 23 ಜನರಿಗೆ ಕ್ಯಾನ್ಸರ್ ಬಂದಿತ್ತು. ಎರಡು ವಾರದೊಳಗೆ ಮುಗಿಯುವ ಮಾತ್ರೆಗಳು ಅರ್ಧಕ್ಕಿಂತ ಹೆಚ್ಚು ಅಪಾಯವನ್ನು ತಗ್ಗಿಸಿದ್ದವು. ಯಾರಿಗೂ ಸಿಟ್ಟು ಬಿಡಿಸಿರಲಿಲ್ಲ.

ನನ್ನ ಆಮ್ಲದ ಮಾತ್ರೆ ನಿಲ್ಲಿಸಿ ಇವತ್ತಿಗೆ ಒಂಬತ್ತು ದಿನ. ಈ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚುವ ಉಸಿರಿನ ಪರೀಕ್ಷೆಗೆ ಇನ್ನೂ ಐದು ದಿನ ಕಾಯಬೇಕು. ನಿನ್ನೆ ರಾತ್ರಿಯೇ ಚಿಕ್ಕಪ್ಪನ ಮಗನಿಗೂ ಬರೆದೆ, ನೀನೂ ಮಾಡಿಸಿಕೋ ಎಂದು. ಬೆಳಿಗ್ಗೆ ಉತ್ತರ ಬಂದಿತ್ತು: “ನನಗೇನೂ ಗ್ಯಾಸ್ಟ್ರಿಕ್ ಇಲ್ಲವಲ್ಲ ಅಣ್ಣಾ. ಸಿಟ್ಟೂ ಬರುವುದಿಲ್ಲ.”