ಮನೆಯೂ ಥೆರಪಿ ಕೇಂದ್ರವಾಗಬೇಕೇ?

ಸಂವೇದನೆಯ ವ್ಯತ್ಯಾಸಗಳಿರುವ, ಅಂದರೆ ಸ್ಪರ್ಶ, ಸದ್ದು, ಬೆಳಕುಗಳಂಥವು ಇತರರಿಗಿಂತ ತೀರ ಹೆಚ್ಚಾಗಿ ಅಥವಾ ತೀರ ಕಡಿಮೆಯಾಗಿ ತಟ್ಟುವ ಮಗುವನ್ನು ಬೆಳೆಸುವವರಿಗೆ ಸಲಹೆಗಳ ಕೊರತೆಯಿಲ್ಲ. ಮಗುವಿನದು ಬರೀ ಹಠ, ನಾಲ್ಕು ದಿನ ಗಟ್ಟಿಯಾಗಿ ನಿಂತರೆ ತಾನೇ ದಾರಿಗೆ ಬರುತ್ತದೆ ಎನ್ನುವವರು ಕೆಲವರು. ಎದ್ದಾಗಿನಿಂದ ಮಲಗುವವರೆಗೆ ಮಗುವಿನ ಪ್ರತಿಯೊಂದು ಚಟುವಟಿಕೆಯನ್ನೂ ಥೆರಪಿಯಾಗಿ ಪರಿವರ್ತಿಸಿ ಎನ್ನುವವರು ಇನ್ನು ಕೆಲವರು. ಮೊದಲನೆಯವರಿಗೆ ಉತ್ತರ ಕೊಡುವುದು ಅಷ್ಟೇನೂ ಕಷ್ಟವಲ್ಲ. ಎರಡನೆಯವರ ಮಾತಿನಲ್ಲಿ ಕಾಳಜಿ ಇರುವುದರಿಂದ ಅದನ್ನು ಪ್ರಶ್ನಿಸಲು ಸಂಕೋಚವಾಗುತ್ತದೆ. ಆದರೂ ಅದನ್ನೇ ಹೆಚ್ಚಾಗಿ ಪ್ರಶ್ನಿಸಬೇಕು ಎಂಬುದು ನನ್ನ ಅಭಿಪ್ರಾಯ.

ನನ್ನ ಮಗಳಿಗೆ ಕಾಲುಚೀಲದ ತುದಿಯಲ್ಲಿ, ಬೆರಳುಗಳ ಮೇಲೆ ಬರುವ ಹೊಲಿಗೆಯನ್ನು ತಡೆದುಕೊಳ್ಳಲಾಗುವುದಿಲ್ಲ. ಹಾಕಿಕೊಂಡ ಕೂಡಲೇ ಬೆರಳುಗಳನ್ನು ಮುದುಡುತ್ತಾಳೆ, ಹಿಮ್ಮಡಿಯನ್ನು ನೆಲಕ್ಕೆ ಒತ್ತುತ್ತಾಳೆ, ತೆಗೆದು ಹೊಲಿಗೆಯನ್ನು ಅತ್ತಿತ್ತ ಸರಿಸಿ ಮತ್ತೆ ಹಾಕಿಕೊಳ್ಳುತ್ತಾಳೆ, ಅಷ್ಟರಲ್ಲಿ ಉಸಿರು ಬಿಗಿದು ಅಳು ಒತ್ತರಿಸಿ ಬಂದಿರುತ್ತದೆ. ಅದೇ ಮಗು ಓಡುವಾಗ ಬಿದ್ದು ಮಂಡಿ ತರಚಿಕೊಂಡರೆ, ಯಾರಾದರೂ ರಕ್ತವನ್ನು ತೋರಿಸುವವರೆಗೆ ಅವಳಿಗೆ ಗೊತ್ತೇ ಆಗಿರುವುದಿಲ್ಲ. ರಕ್ತ ಬಂದರೂ ಅಳದವಳು ಒಂದು ಹೊಲಿಗೆಗೆ ಇಷ್ಟು ಅಳುತ್ತಾಳೆಂದರೆ ನಾಟಕವಲ್ಲದೆ ಇನ್ನೇನು ಎಂದು ನೋಡಿದವರು ತೀರ್ಮಾನಿಸುತ್ತಾರೆ. ವಾಸ್ತವದಲ್ಲಿ ಒಂದೇ ಮಗುವಿನಲ್ಲಿ ಒಂದು ಬಗೆಯ ಸಂವೇದನೆ ಅತಿ ತೀವ್ರವಾಗಿಯೂ ಇನ್ನೊಂದು ಬಗೆಯದು ಮಂದವಾಗಿಯೂ ಇರುವುದು ಸಾಮಾನ್ಯ. ಪಂಚೇಂದ್ರಿಯಗಳ ಜೊತೆಗೆ, ಸಮತೋಲನ ಕಾಯುವ ಒಳಕಿವಿಯ ವ್ಯವಸ್ಥೆ, ಕೈಕಾಲು ಎಲ್ಲಿದೆ ಎಂದು ತಿಳಿಸುವ ಸ್ನಾಯು ಮತ್ತು ಕೀಲುಗಳ ಸಂವೇದನೆ, ಹಸಿವು, ಮೂತ್ರ, ಆಯಾಸಗಳನ್ನು ತಿಳಿಸುವ ದೇಹದೊಳಗಿನ ಸಂವೇದನೆ, ಇವೂ ಲೆಕ್ಕಕ್ಕೆ ಬರುತ್ತವೆ. ಸಾಲದ್ದಕ್ಕೆ ನಿದ್ದೆಗೆಟ್ಟ ದಿನ, ಜ್ವರ ಬರುವ ಮುನ್ನಾದಿನ, ಗದ್ದಲದ ತರಗತಿಯಿಂದ ಬಂದ ಸಂಜೆ, ನಿನ್ನೆ ಸಹ್ಯವಾಗಿದ್ದದ್ದೇ ಇಂದು ಅಸಹನೀಯವಾಗಬಹುದು.

ಇಂದ್ರಿಯಗಳಿಂದ ಬರುವ ಸಂಕೇತಗಳನ್ನು ಮಿದುಳು ಹೇಗೆ ಒಟ್ಟುಗೂಡಿಸಿ ಬಳಸುತ್ತದೆ ಎಂಬುದನ್ನು ವಿವರಿಸುವ ಸಂವೇದನೆಗಳ ಸಂಯೋಜನೆಯ ಸಿದ್ಧಾಂತವನ್ನು 1960 ಮತ್ತು 70ರ ದಶಕಗಳಲ್ಲಿ ರೂಪಿಸಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಲು ನೆರವಾಗುವ ಚಿಕಿತ್ಸಕಿ) ಎ. ಜೀನ್ ಏರ್ಸ್. ಥೆರಪಿ ಕೋಣೆಗಳಲ್ಲಿ ಕಾಣುವ ತೂಗುವ ಉಯ್ಯಾಲೆ, ಹತ್ತುವ ಹಗ್ಗ, ದಪ್ಪ ಮೆತ್ತೆಗಳ ಹಿಂದಿರುವುದು ಬಹುಮಟ್ಟಿಗೆ ಅವರ ಚಿಂತನೆಯೇ. ಆದರೆ ಈ ಥೆರಪಿ ಎಷ್ಟರಮಟ್ಟಿಗೆ ಫಲಕಾರಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮಾನಸಿಕ ಸಮಸ್ಯೆಗಳನ್ನು ಗುರುತಿಸಲು ವೈದ್ಯರು ಬಳಸುವ, 2013ರಲ್ಲಿ ಬಂದ ಅಮೆರಿಕದ ಡಿಎಸ್‌ಎಂ-5 ಕೈಪಿಡಿ ಸಂವೇದನೆಗಳಿಗೆ ಅತಿಯಾದ ಅಥವಾ ತೀರ ಕಡಿಮೆಯಾದ ಪ್ರತಿಕ್ರಿಯೆಯನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತೇ ಹೊರತು ಅದನ್ನು ಪ್ರತ್ಯೇಕ ಸಮಸ್ಯೆಯೆಂದು ಪಟ್ಟಿಮಾಡಲಿಲ್ಲ. ಅದಕ್ಕೂ ಮೊದಲೇ, 2012ರಲ್ಲಿ, ಅಲ್ಲಿನ ಮಕ್ಕಳ ವೈದ್ಯರ ಸಂಘಟನೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಒಂದು ಸಮತೂಕದ ಮಾತು ಹೇಳಿತ್ತು: ಇಂಥ ಥೆರಪಿಯನ್ನು ಒಟ್ಟಾರೆ ಆರೈಕೆಯ ಒಂದು ಭಾಗವಾಗಿ ಬಳಸಬಹುದು, ಆದರೆ ಸಂಶೋಧನೆ ಸೀಮಿತವಾಗಿರುವುದರಿಂದ, ಅದು ತಮ್ಮ ಮಗುವಿಗೆ ಉಪಯೋಗವಾಗುತ್ತಿದೆಯೇ ಎಂದು ಅಳೆಯುವ ಬಗೆಯನ್ನು ವೈದ್ಯರು ಕುಟುಂಬಕ್ಕೆ ಹೇಳಿಕೊಡಬೇಕು.

ಆ ಕೊನೆಯ ಮಾತೇ ಹೆಚ್ಚಿನ ಕಡೆ ಬಿಟ್ಟುಹೋಗುತ್ತದೆ. ಥೆರಪಿಯ ವರದಿಯಲ್ಲಿ ಪ್ರಗತಿ ಚೆನ್ನಾಗಿದೆ ಎಂಬ ಒಂದು ಸಾಲು ಸಿಗುತ್ತದೆ, ಯಾವುದರಲ್ಲಿ ಪ್ರಗತಿ ಎಂಬುದು ಸಿಗುವುದಿಲ್ಲ. ನಮಗೆ ನಿಜವಾಗಿ ನೆರವಾದ ಥೆರಪಿಸ್ಟ್ ಉಯ್ಯಾಲೆಯ ವಿಷಯವನ್ನೇ ಎತ್ತದೆ, ದಿನದಲ್ಲಿ ಯಾವ ಹೊತ್ತು ನಿಮ್ಮಿಬ್ಬರಿಗೂ ಅತ್ಯಂತ ಕಷ್ಟದ್ದು ಎಂದು ಕೇಳಿದ್ದರು. ತಲೆಸ್ನಾನ ಎಂದೆ. ತಲೆ ಹಿಂದಕ್ಕೆ ಬಾಗಿಸಿದಾಗ ಅವಳಿಗೆ ಬೀಳುವ ಭಯ, ಜೊತೆಗೆ ಎಲ್ಲಿಂದ ಬೀಳುತ್ತದೋ ತಿಳಿಯದ ನೀರಿನ ಭಯ ಎಂಬುದು ಅವರು ಗಮನಿಸಿ ಹೇಳಿದ ಮೇಲಷ್ಟೇ ನಮಗೆ ತಿಳಿಯಿತು. ತಲೆ ಮುಂದಕ್ಕೆ ಬಾಗಿಸಿ, ಒಣ ಬಟ್ಟೆಯನ್ನು ಕಣ್ಣಿಗೆ ಅವಳೇ ಒತ್ತಿ ಹಿಡಿದುಕೊಂಡು, ಚೊಂಬೂ ಅವಳ ಕೈಯಲ್ಲೇ ಇರುವಂತೆ ಮಾಡಿದೆವು. ತಲೆಸ್ನಾನ ಇಂದಿಗೂ ಅವಳಿಗೆ ಇಷ್ಟವಿಲ್ಲ, ಆದರೆ ಅದು ಯುದ್ಧವಾಗಿ ಉಳಿದಿಲ್ಲ. ಅಳೆಯಬಹುದಾದ ಗುರಿಯೆಂದರೆ ಇಂಥದ್ದು.

ಇದಕ್ಕೆ ವಿರುದ್ಧವಾದದ್ದು ಥೆರಪಿಸ್ಟರು ಮನೆಯಲ್ಲಿ ಮಾಡಿಸಿ ಎಂದು ಕಳಿಸುವ ಉದ್ದನೆಯ ಪಟ್ಟಿ. ಬೆಳಿಗ್ಗೆ ಚರ್ಮಕ್ಕೆ ಬ್ರಷ್ ಉಜ್ಜಬೇಕು, ಆಮೇಲೆ ಕೀಲುಗಳನ್ನು ಒತ್ತಬೇಕು, ಸಂಜೆ ಭಾರ ಎತ್ತಿಸಬೇಕು, ರಾತ್ರಿ ತೂಕದ ಹೊದಿಕೆ (ಒಳಗೆ ಭಾರ ತುಂಬಿದ ಹೊದಿಕೆ) ಹೊದಿಸಬೇಕು. ತೂಕದ ಹೊದಿಕೆಯ ಕುರಿತು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆಟಿಸಂ ಇರುವ ಮಕ್ಕಳ ನಿದ್ದೆಯೇನೂ ಹೆಚ್ಚಲಿಲ್ಲ, ಆದರೂ ಮಕ್ಕಳೂ ತಂದೆತಾಯಂದಿರೂ ಅದನ್ನೇ ಇಷ್ಟಪಟ್ಟರು. ಮಗುವಿಗೆ ಹಿತವೆನಿಸಿದರೆ ಹೊದಿಸಲು ಅಷ್ಟೇ ಕಾರಣ ಸಾಕು. ಅದನ್ನು ಚಿಕಿತ್ಸೆಯೆಂದು ಕರೆದು, ಒಂದು ರಾತ್ರಿ ತಪ್ಪಿದ್ದಕ್ಕೆ ಕೊರಗುವ ಅಗತ್ಯವಿಲ್ಲ. ಹೊರಗಿನ ಸದ್ದು, ಬೆಳಕು, ನೂಕಾಟಗಳನ್ನು ದಿನವಿಡೀ ತಾಳಿಕೊಂಡು ಬಂದ ಮಗುವಿಗೆ ಯಾರೂ ತನ್ನನ್ನು ತಿದ್ದದ, ಗಮನಿಸಿ ಬರೆದುಕೊಳ್ಳದ ಒಂದು ಜಾಗ ಬೇಕು. ಅಮ್ಮನ ಅಪ್ಪುಗೆಯೂ ದಿನಚರಿಯ ಒಂದು ಅಂಶವಾಗಿಬಿಟ್ಟರೆ ಮಗು ಹೋಗುವುದಾದರೂ ಎಲ್ಲಿಗೆ?

ಹೀಗೆಂದರೆ ಎಲ್ಲವನ್ನೂ ಬಿಟ್ಟುಬಿಡಿ ಎಂದಲ್ಲ. ಹಲ್ಲುಜ್ಜಲೇಬೇಕು, ಉಗುರು ಕತ್ತರಿಸಲೇಬೇಕು. ಅಲ್ಲಿ ಬದಲಿಸಬಹುದಾದದ್ದು ಬ್ರಷ್, ಪೇಸ್ಟಿನ ರುಚಿ, ಮುನ್ಸೂಚನೆ ಮತ್ತು ನಮ್ಮ ಅವಸರ. ಸದ್ದು ತಡೆಯುವ ಹೆಡ್‌ಫೋನ್ ಗದ್ದಲದಲ್ಲಿ ವರವೇ ಸರಿ, ಆದರೆ ಇಡೀ ದಿನ ಹಾಕಿದರೆ ಕಿವಿ ಸದ್ದಿಗೆ ಇನ್ನಷ್ಟು ಸೂಕ್ಷ್ಮವಾಗಬಹುದು, ಆದ್ದರಿಂದ ಯಾವಾಗ ತೆಗೆಯಬೇಕು ಎಂಬುದನ್ನೂ ಯೋಚಿಸಬೇಕು. ಅಂಗಿಯ ಲೇಬಲ್ ಕತ್ತರಿಸುವುದರಲ್ಲಿ ಮಾತ್ರ ಯೋಚಿಸುವಂಥದ್ದೇನೂ ಇಲ್ಲ. ಹೀಗೆ ಹೊಂದಿಸಿಕೊಡುತ್ತ ಹೋದರೆ ಮಗು ಜಗತ್ತಿಗೆ ಒಗ್ಗುವುದು ಯಾವಾಗ ಎಂದು ಕೇಳುವ ಹಿರಿಯರು, ಚುಚ್ಚುವ ಬಟ್ಟೆಯನ್ನು ತಾವು ಎಂದೋ ಕಪಾಟಿನ ಮೂಲೆಗೆ ತಳ್ಳಿರುತ್ತಾರೆ.

ಪಟ್ಟಿ ಹಿಡಿದು ಬಂದಿರುವ ತಂದೆತಾಯಂದಿರಿಗೆ ನನ್ನ ಸಲಹೆ ಇಷ್ಟೇ. ಮುಂದಿನ ಸಲ ಹೋದಾಗ, ಇದರಲ್ಲಿ ಒಂದನ್ನೇ ಮಾಡಲು ಸಾಧ್ಯವಾದರೆ ಯಾವುದನ್ನು ಮಾಡಲಿ, ಅದರಿಂದ ಮನೆಯಲ್ಲಿ ಏನು ಬದಲಾಗಬೇಕು, ಬದಲಾಗದಿದ್ದರೆ ಎಷ್ಟು ದಿನಕ್ಕೆ ನಿಲ್ಲಿಸಲಿ ಎಂದು ಕೇಳಿ. ಬಲ್ಲ ಥೆರಪಿಸ್ಟ್‌ಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.