ಸಿನಿಮಾ ನೋಡುವವರ ಜಮಾಖರ್ಚು

ಹೊತ್ತು ಹೋಗದವರು ಸಿನಿಮಾ ನೋಡುತ್ತಿದ್ದ ಕಾಲವೊಂದಿತ್ತು. ಈಗ ಸಿನಿಮಾ ನೋಡುವುದಕ್ಕಾಗಿ ಊಟ, ನಿದ್ರೆ, ನೆಂಟಸ್ತಿಕೆಗಳಿಂದ ಹೊತ್ತನ್ನು ಕದಿಯಬೇಕಾಗಿ ಬಂದಿದೆ, ಏಕೆಂದರೆ ಸಿನಿಮಾ ನೋಡುವುದು ಸವಾಲಾಗಿಬಿಟ್ಟಿದೆ. ವರ್ಷಕ್ಕೆ 100 ನೋಡುವವರು ಇನ್ನೂ ಶಿಶುವಿಹಾರದವರು. 200 ದಾಟಿದವರಿಗೆ ತಕ್ಕಮಟ್ಟಿನ ಮರ್ಯಾದೆಯುಂಟು. 365 ಮುಟ್ಟಿದ ಮಹನೀಯರೆದುರು ಉಳಿದವರೆಲ್ಲ ತಲೆ ತಗ್ಗಿಸಿ ನಿಲ್ಲುತ್ತಾರೆ. ನೋಡಿದ್ದರಲ್ಲಿ ಏನಿತ್ತು ಎಂದು ಅವರನ್ನು ಯಾರೂ ಕೇಳುವುದಿಲ್ಲ. ಓಟದ ಪಂದ್ಯ ಮುಗಿಸಿ ಏದುಸಿರು ಬಿಡುತ್ತಿರುವವನನ್ನು ದಾರಿಯಲ್ಲಿ ಯಾವ ಹೂ ಅರಳಿತ್ತು ಎಂದು ಕೇಳುವುದು ಸಭ್ಯರ ಲಕ್ಷಣವಲ್ಲವಷ್ಟೆ.

ಕಳೆದ ಜನವರಿಯಲ್ಲಿ ನಾನೂ 365ರ ಸಂಕಲ್ಪ ಮಾಡಿಕೊಂಡೆ. ಎಕ್ಸೆಲ್ ಹಾಳೆಯೊಂದನ್ನು ತೆರೆದು ಕ್ರಮಸಂಖ್ಯೆ, ಹೆಸರು, ವರ್ಷ, ದೇಶ, ನಿರ್ದೇಶಕ, ನಿಮಿಷ, ನಕ್ಷತ್ರ ಎಂದು ಏಳು ಕಾಲಂ ಮಾಡಿ ಬಣ್ಣ ತುಂಬಿದೆ. ಆ ಕೆಲಸಕ್ಕೇ ಎರಡು ದಿನ ಹಿಡಿದದ್ದರಿಂದ ಆರಂಭದಲ್ಲಿಯೇ ಎರಡು ಸಿನಿಮಾಗಳ ಬಾಕಿ ಬಿತ್ತು. ಮಾರ್ಚ್ ಕೊನೆಗೆ 90 ಆಗಬೇಕಾದಲ್ಲಿ 49 ಆಗಿತ್ತು. ಸವಾಲಿನಲ್ಲಿ ಪಳಗಿದ ಗೆಳೆಯರೊಬ್ಬರು ನನ್ನ ಮುಖ ನೋಡಿ ಕನಿಕರಪಟ್ಟು, ಒಂದೂವರೆ ಪಟ್ಟು ವೇಗದಲ್ಲಿ ನೋಡುವ ವಿದ್ಯೆಯನ್ನು ಹೇಳಿಕೊಟ್ಟರು. 150 ನಿಮಿಷದ ಚಿತ್ರ ಇದರಿಂದ 100 ನಿಮಿಷಕ್ಕೆ ಇಳಿಯುತ್ತದೆ. ವಿರಹಿಗಳು ಬಸ್ಸು ತಪ್ಪಿಸಿಕೊಂಡವರಂತೆ ನಿಟ್ಟುಸಿರು ಬಿಡುತ್ತಾರೆ. ಮರಣಶಯ್ಯೆಯಲ್ಲಿರುವ ಮುದುಕ ತನ್ನ ಕೊನೆಯ ಮಾತನ್ನು ಹರಾಜು ಕೂಗುವವನಂತೆ ಒದರಿ ಕಣ್ಣು ಮುಚ್ಚುತ್ತಾನೆ. ಅದೂ ಸಾಲದಿದ್ದರೆ ಕಿವಿಯಿಂದ ಸಿನಿಮಾ ನೋಡಬಹುದು, ಅಂದರೆ ಕಣ್ಣು ಮೊಬೈಲಿನ ಮೇಲಿದ್ದರೂ ಕಿವಿ ಕಥೆಯ ಮೇಲಿದ್ದರಾಯಿತು. ಇಂದಿನ ಚಿತ್ರಗಳೂ ನಮ್ಮ ಈ ಸಂಕಷ್ಟವನ್ನು ಬಲ್ಲವು. ಖಳನಾಯಕ ಪಿಸ್ತೂಲು ತೆಗೆದರೆ ‘ಅಯ್ಯೋ, ಅವನ ಕೈಯಲ್ಲಿ ಪಿಸ್ತೂಲಿದೆ’ ಎಂದು ಪಕ್ಕದವನು ಕೂಗಿ ಹೇಳುವ ಏರ್ಪಾಡು ಇದ್ದೇ ಇರುತ್ತದೆ.

ಆದರೂ ಬಾಕಿ ತೀರಲಿಲ್ಲ. ಆಗ ನನಗೆ ಹೊಳೆದ ಕಳ್ಳದಾರಿಯೇ ಮೂಕಿ ಹಾಸ್ಯಚಿತ್ರಗಳು. ಆ ಕಾಲದ ಎರಡು ರೀಲಿನ ಚಿತ್ರವೆಂದರೆ ಸುಮಾರು 20 ನಿಮಿಷ; ಒಂದು ಸಂಜೆ ಕೂತರೆ ಐದು ಸಾಲು ತುಂಬುತ್ತದೆ. ನನ್ನ ಹಾಳೆಯ ದಿಢೀರ್ ಏಳಿಗೆಯನ್ನು ಕಂಡು ಸವಾಲು ಹೊತ್ತವರ ನಮ್ಮ ಬಳಗದಲ್ಲಿ ದೊಡ್ಡ ತಕರಾರೇ ಎದ್ದಿತು. ಅಕಾಡೆಮಿ ಪ್ರಶಸ್ತಿಯ, ಅಂದರೆ ಆಸ್ಕರ್‌ನ, ನಿಯಮದಂತೆ 40 ನಿಮಿಷ ಮೀರಿದ್ದು ಮಾತ್ರ ಪೂರ್ಣಪ್ರಮಾಣದ ಚಿತ್ರವೆಂದು ಒಬ್ಬರು ವಾದಿಸಿದರೆ, ಎರಡು ಗಿಡ್ಡ ಚಿತ್ರ ಸೇರಿದರೆ ಒಂದೆಂದು ಹಿಡಿಯೋಣವೆಂದು ಇನ್ನೊಬ್ಬರು ರಾಜಿಗೆ ಬಂದರು. ಮೂಕಿ ಕಾಲದ ಹಾಸ್ಯನಟ ಬಸ್ಟರ್ ಕೀಟನ್‌ನ ‘ಷರ್ಲಾಕ್ ಜೂನಿಯರ್’ ಸುಮಾರು 45 ನಿಮಿಷದ್ದಾದ್ದರಿಂದ ಕೂದಲೆಳೆಯಲ್ಲಿ ಪಾಸಾಯಿತು. ಆ ಚಿತ್ರದಲ್ಲಿ ರೈಲ್ವೆಯ ನೀರಿನ ತೊಟ್ಟಿಯಿಂದ ಧಾರೆಯೆಲ್ಲ ಮೇಲೆ ಸುರಿದು ಕೀಟನ್ ಹಳಿಗೆ ಅಪ್ಪಳಿಸಿದ್ದನ್ನೂ, ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿತ್ತೆಂಬುದು ಅವನಿಗೇ ವರ್ಷಗಳ ನಂತರ ತಿಳಿದದ್ದನ್ನೂ ನಾನು ಹೇಳಹೊರಟಾಗ, ಚರ್ಚೆ ನಿಮಿಷಗಳ ಬಗ್ಗೆಯೇ ಹೊರತು ಮೂಳೆಗಳ ಬಗ್ಗೆ ಅಲ್ಲವೆಂದು ಅಧ್ಯಕ್ಷರು ನೆನಪಿಸಿದರು.

ನಾನು ಮೊದಲು ಹಾಕಿದ್ದು ಕೀಟನ್‌ನ 1920ರ ‘ಒನ್ ವೀಕ್’ ಚಿತ್ರವನ್ನು, ಅದೂ ಅಭ್ಯಾಸಬಲದಿಂದ ಒಂದೂವರೆ ಪಟ್ಟು ವೇಗದಲ್ಲಿ. ಅಂದಿನ ಕ್ಯಾಮೆರಾಗಳನ್ನು ಕೈಯಿಂದ ತಿರುಗಿಸುತ್ತಿದ್ದರು. ತೆಗೆದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ತೋರಿಸುವುದರಿಂದ ಜನ ಮೊದಲೇ ಓಡುತ್ತಿರುತ್ತಾರೆ. ಅದನ್ನು ನಾನು ಮತ್ತಷ್ಟು ಓಡಿಸಿದಾಗ ತೆರೆಯ ಮೇಲೆ ಕಾಣಿಸಿದ್ದು ನೀರು ಹೊಕ್ಕ ಇರುವೆಗೂಡು. ಬೇರೆ ದಾರಿಯಿಲ್ಲದೆ ವೇಗ ತಗ್ಗಿಸಿದೆ. ಆಮೇಲೆ ಎಂದಿನಂತೆ ಮೊಬೈಲಿನ ಕಡೆ ಹತ್ತು ಸೆಕೆಂಡು ತಿರುಗಿ ಮತ್ತೆ ನೋಡಿದರೆ ಒಬ್ಬ ಮನುಷ್ಯ ಮಹಡಿಯ ಬಾಗಿಲು ತೆರೆದು ನೇರವಾಗಿ ಗಾಳಿಗೆ ಕಾಲಿಟ್ಟು ಕೆಳಗೆ ಬೀಳುತ್ತಿದ್ದ. ಏಕೆ ಬಿದ್ದನೆಂದು ಕೂಗಿ ಹೇಳುವವರು ಯಾರೂ ಇರಲಿಲ್ಲ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಮೊಬೈಲನ್ನು ಬೋರಲು ಹಾಕಿ ಸಿನಿಮಾವನ್ನು ಕಣ್ಣಿನಿಂದ ನೋಡಿದೆ.

ಕಥೆಯೇನೂ ದೊಡ್ಡದಲ್ಲ. ಹೊಸದಾಗಿ ಮದುವೆಯಾದವರಿಗೆ ಒಂದು ಮನೆ ಉಡುಗೊರೆಯಾಗಿ ಬರುತ್ತದೆ, ಆದರೆ ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ. ಪೆಟ್ಟಿಗೆಯ ಮೇಲಿನ ಸಂಖ್ಯೆ ನೋಡಿಕೊಂಡು ಕ್ರಮವಾಗಿ ಜೋಡಿಸಿದರೆ ಮನೆ ಸಿದ್ಧ. ಹುಡುಗಿಯನ್ನು ಬಯಸಿ ಸೋತಿದ್ದ ಇನ್ನೊಬ್ಬ ಗುಟ್ಟಾಗಿ ಬಂದು ಆ ಸಂಖ್ಯೆಗಳನ್ನು ಬದಲಿಸಿಬಿಡುತ್ತಾನೆ. ಕೀಟನ್ ಸಂಖ್ಯೆಗಳನ್ನು ಎಳ್ಳಷ್ಟೂ ಅನುಮಾನಿಸದೆ ಶ್ರದ್ಧೆಯಿಂದ ಕಟ್ಟುತ್ತಾನೆ. ಮನೆ ಸೊಟ್ಟಗೆ ನಿಲ್ಲುತ್ತದೆ, ಬಿರುಗಾಳಿಗೆ ಬುಗುರಿಯಂತೆ ಸುತ್ತುತ್ತದೆ. ಕೊನೆಗೆ ಅದನ್ನು ಬೇರೆಡೆಗೆ ಎಳೆದೊಯ್ಯುವಾಗ ರೈಲು ಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ಧಾವಿಸಿ ಬಂದ ರೈಲು ಪಕ್ಕದ ಹಳಿಯಲ್ಲಿ ಸಾಗಿಹೋಗುತ್ತದೆ. ಬದುಕಿದೆವೆಂದು ದಂಪತಿ ಉಸಿರು ಬಿಡುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬಂದು ಮನೆಯನ್ನು ಪುಡಿಗಟ್ಟುತ್ತದೆ. ಕೀಟನ್‌ನ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಆ ರಾಶಿಗೆ ‘ಮಾರಾಟಕ್ಕಿದೆ’ ಎಂಬ ಫಲಕ ಸಿಕ್ಕಿಸಿ, ಜೋಡಿಸುವ ವಿಧಾನದ ಸೂಚನೆಗಳನ್ನೂ ಜೊತೆಗಿಟ್ಟು ಹೆಂಡತಿಯ ಕೈಹಿಡಿದು ನಡೆದುಬಿಡುತ್ತಾನೆ. ನಾನು ನಕ್ಕು ಸುಸ್ತಾಗಿ ಕೂತು, ಕ್ರಮಸಂಖ್ಯೆ 50ರ ಎದುರು ಏನು ಬರೆಯಬೇಕೆಂದು ತೋಚದೆ ಅದನ್ನೇ ಮತ್ತೊಮ್ಮೆ ಹಾಕಿದೆ.

ಅಲ್ಲಿಂದ ನನ್ನ ಅಧಃಪತನ ಶುರುವಾಯಿತು. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಸುಮಾರು ಎರಡು ಟನ್ ತೂಕದ ಮನೆಯ ಮುಂಗೋಡೆ ಇಡಿಯಾಗಿ ಕೀಟನ್‌ನ ಮೇಲೆ ಬೀಳುತ್ತದೆ, ಮೇಲಿನ ಕಿಟಕಿಯ ಖಾಲಿ ಜಾಗ ಸರಿಯಾಗಿ ಅವನು ನಿಂತಲ್ಲಿಗೆ ಬಂದು ಅವನು ಉಳಿದುಕೊಳ್ಳುತ್ತಾನೆ. ಗೋಡೆ ನಿಜವಾದದ್ದು, ನಿಂತವನೂ ನಿಜವಾದವನು. ಅದಕ್ಕೆ ನಮ್ಮ ಬಳಗದವರೊಬ್ಬರು ಮೂರೂವರೆ ನಕ್ಷತ್ರ ಕೊಟ್ಟು, ‘ಸಂಭಾಷಣೆ ಇನ್ನಷ್ಟು ಬಿಗಿಯಾಗಿರಬೇಕಿತ್ತು’ ಎಂದು ಷರಾ ಬರೆದಿದ್ದರು. ಅವರು ಕಿವಿಯಿಂದ ನೋಡುವ ಪಂಥದವರು. ಅದೇ ಕಾಲದ ಇನ್ನೊಬ್ಬ ಹಾಸ್ಯನಟ ಹೆರಾಲ್ಡ್ ಲಾಯ್ಡ್ ದೊಡ್ಡ ಗಡಿಯಾರದ ಮುಳ್ಳಿಗೆ ಜೋತುಬಿದ್ದ ಚಿತ್ರವನ್ನಂತೂ ಕಾಣದವರಿಲ್ಲ. ಆದರೆ 1919ರಲ್ಲಿ ಹುಸಿ ಬಾಂಬೆಂದು ತಿಳಿದು ಕೈಯಲ್ಲಿ ಹಿಡಿದದ್ದು ಸಿಡಿದು ಅವನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಹೋಗಿದ್ದವು; ನಾಲ್ಕು ವರ್ಷಗಳ ನಂತರ ‘ಸೇಫ್ಟಿ ಲಾಸ್ಟ್’ನಲ್ಲಿ ಆ ಗಡಿಯಾರವನ್ನು ಹಿಡಿದದ್ದು ಕೃತಕ ಬೆರಳುಗಳ ಕೈಗವಸು ತೊಟ್ಟ ಕೈ. ನನ್ನ ಹಾಳೆಯ ಏಳು ಕಾಲಂಗಳಲ್ಲಿ ಬೆರಳಿನ ಲೆಕ್ಕಕ್ಕೆ ಜಾಗವಿಲ್ಲ.

ಮೂಕಿ ಚಿತ್ರಗಳಿಗೆ ಒಟಿಟಿ ವೇದಿಕೆಗಳು ತೋರುವ ಆದರಾತಿಥ್ಯವನ್ನೂ ಹೇಳದೆ ಇರಲಾಗದು. ಮೊದಲಿಗೆ ಯಾವ ಭಾಷೆಯಲ್ಲಿ ಕೇಳುತ್ತೀರಿ ಎಂಬ ಪ್ರಶ್ನೆ ಬರುತ್ತದೆ. ಅಡಿಬರಹ ಹಾಕಿಕೊಂಡರೆ ‘ಸಂಗೀತ’ ಎಂಬ ಒಂದೇ ಪದ ಚಿತ್ರದುದ್ದಕ್ಕೂ ಬಂದು ಹೋಗುತ್ತದೆ. ಚಾಪ್ಲಿನ್ ವಾಕ್ಚಿತ್ರಗಳು ಬಂದ ಮೇಲೂ ಹಟ ಹಿಡಿದು ಮಾತಿಲ್ಲದೆ ಮಾಡಿದ, 1931ರ ‘ಸಿಟಿ ಲೈಟ್ಸ್’ ನೋಡುತ್ತಿದ್ದೆ. ಹೂ ಮಾರುವ ಅಂಧ ಹುಡುಗಿಯನ್ನು ಅಲೆಮಾರಿ ಭೇಟಿಯಾಗುವ ದೃಶ್ಯವೊಂದನ್ನೇ 342 ಬಾರಿ ಚಿತ್ರೀಕರಿಸಿದ ಖ್ಯಾತಿ ಈ ಚಿತ್ರದ್ದು. ಕೊನೆಯಲ್ಲಿ ದೃಷ್ಟಿ ಮರಳಿ ಬಂದ ಹುಡುಗಿ ಅವನ ಕೈ ಮುಟ್ಟಿ ಗುರುತು ಹಿಡಿಯುತ್ತಾಳೆ. ಬೆರಳನ್ನು ಬಾಯಿಗಿಟ್ಟುಕೊಂಡು, ನಾಚಿಕೆಯೋ ಭಯವೋ ಸಂತೋಷವೋ ತಿಳಿಯದಂತೆ ಅವನು ನಗುತ್ತಾನೆ. ಸರಿಯಾಗಿ ಆ ಮುಖ ಚಿಕ್ಕದಾಗಿ ಮೂಲೆಗೆ ಸರಿದು, ಮುಂದಿನ ಚಿತ್ರ ಎಂಟು ಸೆಕೆಂಡಿನಲ್ಲಿ ಆರಂಭವಾಗುವುದೆಂದು ಪರದೆ ಘೋಷಿಸಿತು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1912ರಿಂದ 1929ರವರೆಗೆ ಅಲ್ಲಿ ತಯಾರಾದ ಸುಮಾರು 11,000 ಪೂರ್ಣಪ್ರಮಾಣದ ಮೂಕಿ ಚಿತ್ರಗಳಲ್ಲಿ ಮೂಲರೂಪದಲ್ಲಿಯೇ ಉಳಿದಿರುವುದು ಶೇಕಡ 14 ಮಾತ್ರ. ಇದನ್ನು ಬಳಗಕ್ಕೆ ತಿಳಿಸಿದಾಗ ಒಬ್ಬರು ನಿಜಕ್ಕೂ ಕಂಗಾಲಾದರು. ಕಳೆದುಹೋದ ಚಿತ್ರದ ಕಥಾಸಾರಾಂಶ ಓದಿದರೆ ಅರ್ಧ ಅಂಕವಾದರೂ ಸಿಗುವುದೇ ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಬಗ್ಗೆ ಉಪಸಮಿತಿ ನೇಮಕವಾಗಿದೆ.

ಡಿಸೆಂಬರ್ 31ಕ್ಕೆ ನನ್ನ ಲೆಕ್ಕ 112ಕ್ಕೆ ನಿಂತಿತ್ತು. ಒಮ್ಮೆ ನೋಡಿದ್ದನ್ನು ಮತ್ತೆ ನೋಡಿದರೆ ಎಣಿಕೆಗೆ ಬಾರದೆಂಬುದು ಸವಾಲಿನ ನಿಯಮ. ‘ಒನ್ ವೀಕ್’ ಒಂದನ್ನೇ ಹನ್ನೊಂದು ಬಾರಿ ನೋಡಿದವನಿಗೆ ಇನ್ನೇನಾಗಬೇಕು? ಆ ರಾತ್ರಿ ಹಾಳೆಯ 113ನೆಯ ಸಾಲಿನಲ್ಲಿ ‘ಮಾರಾಟಕ್ಕಿದೆ’ ಎಂದು ಬರೆದು, ಜೊತೆಗೆ ಸವಾಲಿನ ನಿಯಮಾವಳಿಯನ್ನೂ ಲಗತ್ತಿಸಿ ಬಳಗಕ್ಕೆ ಕಳುಹಿಸಿದೆ. ಬೆಳಿಗ್ಗೆ ಅಧ್ಯಕ್ಷರ ಉತ್ತರ ಬಂದಿತ್ತು: ಈ ಚಿತ್ರ ಯಾವ ವರ್ಷದ್ದು, ಎಷ್ಟು ನಿಮಿಷದ್ದು, 40 ದಾಟುತ್ತದೆಯೇ?